ವರ್ಷಕ್ಕೊಂದು ವಾರದ ತವರು

ಕ್ರೀಡಾಪುಟಗಳಲ್ಲಿ ಕೆಲವು ಪದಗಳು ಯಾವಾಗ ಬಂದು ಕೂತವೆಂದು ಹೇಳುವುದು ಕಷ್ಟ. ‘ತವರು’ ಅಂಥದೊಂದು. ತಂಡವೊಂದು ತನ್ನ ಊರಿನಲ್ಲಿ ಆಡಿ ಗೆದ್ದರೆ ‘ತವರಿನಲ್ಲಿ ಜಯ’, ಸೋತರೆ ‘ತವರಿನಲ್ಲಿ ಮುಖಭಂಗ’. ನಮ್ಮ ಮನೆಗಳಲ್ಲಿ ಈ ಮಾತಿಗೆ ಇರುವ ಅರ್ಥ ಬೇರೆ. ಮದುವೆಯಾಗಿ ಹೋದ ಹೆಣ್ಣುಮಗಳು ಹಬ್ಬಕ್ಕೋ ಬಾಣಂತನಕ್ಕೋ ಬಂದು ನಾಲ್ಕು ದಿನ ಇದ್ದು ಹೋಗುವ ಮನೆ ಅದು. ಹುಟ್ಟಿದ ಮನೆ ಹೌದು, ಆದರೆ ಈಗ ಅವಳು ಅಲ್ಲಿ ಅತಿಥಿ. ಅವಳ ಪಾಲಿನ ಅಕ್ಕಿ ಬೇಯುವುದು ಬೇರೆ ಒಲೆಯಲ್ಲಿ. ಬೆಂಗಳೂರು ಬುಲ್ಸ್ ಎಂಬ ಕಬಡ್ಡಿ ತಂಡದ ಹನ್ನೆರಡು ಆವೃತ್ತಿಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಪತ್ರಕರ್ತರು ಅರಿತೋ ಅರಿಯದೆಯೋ ಸರಿಯಾದ ಪದವನ್ನೇ ಹೆಕ್ಕಿದ್ದಾರೆ ಅನಿಸುತ್ತದೆ.

ಈ ತಂಡದ ಬಗ್ಗೆ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಬೆಂಗಳೂರಲ್ಲ, ಉಳವಿ. ಚೆನ್ನಬಸವಣ್ಣನವರ ಹೆಸರಿನೊಂದಿಗೆ ನಾಡಿಗೆಲ್ಲ ಗೊತ್ತಿರುವ ಉತ್ತರ ಕನ್ನಡದ ಉಳವಿಯಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಹೋಬಳಿ ಕೇಂದ್ರವಾದ ಉಳವಿ. ಎರಡು ಊರುಗಳ ಪತ್ರ ಅದಲುಬದಲಾಗುವುದು ಹಿಂದೆ ಇತ್ತು, ಈಗ ಪತ್ರ ಬರೆಯುವವರೇ ಇಲ್ಲ. ಶಿಕಾರಿಪುರ, ಸೊರಬದ ಈ ಸೀಮೆಯಲ್ಲಿ ಕಬಡ್ಡಿ ಎಂದರೆ ಕೊಯ್ಲಾದ ಗದ್ದೆ, ಶಾಲೆಯ ಬಯಲು, ಹೋಬಳಿ ಮಟ್ಟದ ಕ್ರೀಡಾಕೂಟ ಮತ್ತು ಅಡಿಕೆ ದಬ್ಬೆ ನೆಟ್ಟು ಟ್ಯೂಬ್‌ಲೈಟ್ ಕಟ್ಟಿದ ‘ಹೊನಲು ಬೆಳಕಿನ’ ಪಂದ್ಯಾವಳಿ. ನೆಲ ಹದ ಮಾಡಿ, ನೀರು ಚಿಮುಕಿಸಿ, ಹೊಟ್ಟು ಹರಡಿ, ಸುಣ್ಣದಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಚೆಂಡು ಬೇಡ, ಬ್ಯಾಟು ಬೇಡ, ಬೂಟು ಬೇಡ. ಬಡವರ ಮನೆಯ ಹುಡುಗರಿಗೂ, ಯಾವ ಕೇರಿಯ ಹುಡುಗರಿಗೂ ಬಾಗಿಲು ತೆರೆದಿಟ್ಟ ಆಟ ಇದು. ಹಿಡಿಯಬೇಕಾದವನ ಕಾಲನ್ನೇ ಹಿಡಿಯಬೇಕಾದ್ದರಿಂದ ಮುಟ್ಟುವ, ಮುಟ್ಟದಿರುವ ಲೆಕ್ಕಾಚಾರಗಳಿಗೆ ಅಂಕಣದೊಳಗೆ ಜಾಗವಿರಲಿಲ್ಲ. ಅಂಕಣದ ಹೊರಗೆ ಇತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಈ ಆಟಕ್ಕೆ ಮೊದಲ ಬಾರಿಗೆ ಬಣ್ಣದ ಬೆಳಕು ಬಿತ್ತು. ವೀಕ್ಷಕ ವಿವರಣೆಗಾರ ಚಾರು ಶರ್ಮಾ ಮತ್ತು ಉದ್ಯಮಿ ಆನಂದ್ ಮಹೀಂದ್ರಾ ಅವರ ಮಶಾಲ್ ಸ್ಪೋರ್ಟ್ಸ್ ಸಂಸ್ಥೆ ಲೀಗನ್ನು ಹುಟ್ಟುಹಾಕಿತು. ಸ್ಟಾರ್ ವಾಹಿನಿ ಪ್ರಸಾರ ಮಾಡಿತು. ಮರುವರ್ಷವೇ ಮಶಾಲ್‌ನ ಶೇ. 74ರಷ್ಟು ಪಾಲನ್ನು ಸ್ಟಾರ್ ಇಂಡಿಯಾ ಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಪಂದ್ಯ ನಡೆಸುವವರೂ ಅದನ್ನು ತೋರಿಸುವವರೂ ಒಬ್ಬರೇ ಆದಾಗ, ಪಂದ್ಯ ಎಲ್ಲಿ ನಡೆಯಬೇಕು, ಎಷ್ಟು ಹೊತ್ತಿಗೆ ನಡೆಯಬೇಕು, ಯಾರಿಗಾಗಿ ನಡೆಯಬೇಕು ಎಂಬುದೆಲ್ಲ ಪರದೆಯ ಕಡೆಯಿಂದಲೇ ತೀರ್ಮಾನವಾಗತೊಡಗುತ್ತದೆ. ಮೊದಲ ವರ್ಷ ಲೀಗನ್ನು 43.5 ಕೋಟಿ ಜನ ನೋಡಿದರೆಂದು ಪ್ರಕಟವಾಯಿತು. ಕ್ರಿಕೆಟ್ಟಿನ ಐಪಿಎಲ್ ಬಿಟ್ಟರೆ ಎರಡನೇ ಸ್ಥಾನ. ಗದ್ದೆಯ ಆಟವೊಂದು ಹಾಕಿ, ಫುಟ್‌ಬಾಲ್, ಟೆನಿಸ್‌ಗಳನ್ನೆಲ್ಲ ಹಿಂದಿಕ್ಕಿ ಅಲ್ಲಿ ಹೋಗಿ ನಿಂತದ್ದು ನಮಗೆ ಸಂತೋಷ ಕೊಟ್ಟಿತು. ಆ ಸಂತೋಷ ಈಗಲೂ ಇದೆ. ಲೀಗನ್ನು ಹಳಿಯುವುದಕ್ಕಾಗಿಯೇ ಈ ಲೇಖನ ಎಂದು ಯಾರೂ ಭಾವಿಸಬೇಕಾಗಿಲ್ಲ.

ಮೊದಲ ಎಂಟು ತಂಡಗಳಲ್ಲಿ ಬೆಂಗಳೂರು ಬುಲ್ಸ್ ಒಂದು. ಆರಂಭದಲ್ಲಿ ಮಾಲೀಕತ್ವ ಕಾಸ್ಮಿಕ್ ಗ್ಲೋಬಲ್ ಮೀಡಿಯಾ ಎಂಬ ಸಂಸ್ಥೆಯದಾಗಿತ್ತು. ಅಂಗಣ ಕಂಠೀರವ ಒಳಾಂಗಣ ಕ್ರೀಡಾಂಗಣ. ಹೆಸರು ಇಂಗ್ಲಿಷ್. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೊರಬ, ಶಿಕಾರಿಪುರ, ಹಾವೇರಿ ಕಡೆಯ ಜನರಿಗೆ ‘ಬುಲ್’ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಇಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಮಾಲೆ, ಕೋಡಿಗೆ ಬಣ್ಣದ ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ, ಹಿಡಿಯುವವರು ಕೊಬ್ಬರಿ ಹರಿಯಲು ನೋಡುತ್ತಾರೆ. ಒಂದೊಂದು ಹೋರಿಗೂ ಒಂದೊಂದು ಬಿರುದು, ಬಾವುಟ, ಅದರ ಹೆಸರು ಬರೆದ ಅಂಗಿ ತೊಟ್ಟ ಅಭಿಮಾನಿಗಳ ದಂಡು. ಈ ಹಬ್ಬದಲ್ಲಿ ಜೀವಗಳು ಹೋಗಿವೆ, ಪ್ರಾಣಿಹಿಂಸೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ; ಕಂಬಳ ಮತ್ತು ಎತ್ತಿನ ಓಟಕ್ಕಾಗಿ ರಾಜ್ಯ ತಂದ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಕೋರ್ಟು ಎತ್ತಿಹಿಡಿಯಿತು. ಆ ಚರ್ಚೆ ಬೇರೆಯೇ ಆಗಬೇಕು. ನಮ್ಮ ಸದ್ಯದ ಮಾತು ಇಷ್ಟೇ: ಹೋರಿ ಯಾವ ಊರಿನದು, ಯಾರ ಕೊಟ್ಟಿಗೆಯದು ಎಂಬುದು ಅದರ ಹೆಸರಿನಷ್ಟೇ ಎಲ್ಲರಿಗೂ ಗೊತ್ತಿರುತ್ತದೆ. ಅದು ಎಲ್ಲಿ ಓಡಿ ಗೆದ್ದರೂ ರಾತ್ರಿ ಮರಳುವುದು ಅದೇ ಕೊಟ್ಟಿಗೆಗೆ. ಬೆಂಗಳೂರಿನ ಬುಲ್‌ಗಳಿಗೆ ಕೊಟ್ಟಿಗೆ ಯಾವುದು?

ಲೀಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಿದರೆ ಮಾತು ಸ್ಪಷ್ಟವಾಗುತ್ತದೆ. ಐಪಿಎಲ್‌ನಲ್ಲಿ ತಂಡವೊಂದು ತನ್ನ ಊರಿಗೂ ಪರ ಊರಿಗೂ ನಡುವೆ ಹೋಗಿ ಬಂದು ಮಾಡುತ್ತಿರುತ್ತದೆ. ಪ್ರೊ ಕಬಡ್ಡಿಯಲ್ಲಿ ಆರಂಭದಿಂದಲೂ ಸರ್ಕಸ್ ಕಂಪೆನಿಯ ಪದ್ಧತಿ. ಎಲ್ಲ ತಂಡಗಳೂ, ಮ್ಯಾಟು, ದೀಪ, ಕ್ಯಾಮರಾಗಳೂ ಒಟ್ಟಿಗೆ ಊರಿಂದೂರಿಗೆ ಹೋಗುತ್ತವೆ. ಒಂದು ಊರಿನಲ್ಲಿ ವಾರದಷ್ಟು ಬಿಡಾರ. ಆ ವಾರ ಆ ಊರಿನ ತಂಡ ಬಹುತೇಕ ಪ್ರತಿ ಸಂಜೆ ಆಡಬೇಕು. ನಂತರ ಬಿಡಾರ ಮುಂದಕ್ಕೆ. ಹೀಗಾಗಿ ತವರಿನ ಅನುಕೂಲ ಎಂಬುದು ಇಲ್ಲಿ ತವರಿನ ದಣಿವಾಗಿ ಬದಲಾಗುತ್ತದೆ. ನಿತ್ಯ ಆಡಿ ಆಡಿ ಮೈ ನೊಂದ ಹುಡುಗರು, ತಮ್ಮದೆನ್ನುವ ಜನರೆದುರೇ ಸೋಲುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಪ್ರಸಾರದ ಖರ್ಚು ಉಳಿಯಿತು ನಿಜ. ಒಂದೊಂದು ಊರಿಗೂ ಪ್ರತ್ಯೇಕ ಏರ್ಪಾಡು ಮಾಡಿದ್ದರೆ ಈ ಲೀಗು ಮೂರನೇ ವರ್ಷಕ್ಕೇ ಬಾಗಿಲು ಹಾಕುತ್ತಿತ್ತೇನೋ. ಲೆಕ್ಕಿಗರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ವಾರವೊಂದರ ಬಾಡಿಗೆಯನ್ನು ತವರೆಂದು ಕರೆಯುವಾಗ ನಾಲಗೆ ಸ್ವಲ್ಪ ತಡವರಿಸಬೇಕು.

ಆ ವಾರವೂ ಸಿಗದೆ ಹೋದ ವರ್ಷಗಳಿವೆ. 2014ರಲ್ಲಿ ಬುಲ್ಸ್ ನಾಲ್ಕನೆಯ ಸ್ಥಾನ ಪಡೆಯಿತು. 2015ರಲ್ಲಿ ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ ಫೈನಲ್ ತಲುಪಿ ಯು ಮುಂಬಾಗೆ 36-30ರಿಂದ ಸೋತಿತು. ಮುಂದೆ ಈ ಆಟದ ಅತಿ ದೊಡ್ಡ ಹೆಸರಾದ ಪರ್‌ದೀಪ್ ನರ್ವಾಲ್ ಲೀಗಿಗೆ ಕಾಲಿಟ್ಟದ್ದು ಅದೇ ವರ್ಷ, ಇದೇ ತಂಡದಿಂದ. ಮರು ಆವೃತ್ತಿಗೆ ಆತ ಪಟ್ನಾ ಪಾಲಾದ, ಪಟ್ನಾ ಚಾಂಪಿಯನ್ ಆಯಿತು. 2017ರಲ್ಲಿ ತಂಡಗಳ ಸಂಖ್ಯೆ 12ಕ್ಕೆ ಏರಿತು. ಆ ವರ್ಷ ಕಂಠೀರವ ಒಳಾಂಗಣ ದೊರೆಯದೆ ಬೆಂಗಳೂರು ಬುಲ್ಸ್ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯ ಬಾಲೇವಾಡಿಯಲ್ಲಿ. ಈ 2018ರ ಆವೃತ್ತಿಯ ಫೈನಲ್ 2019ರ ಜನವರಿ 5ರಂದು ಮುಂಬೈಯಲ್ಲಿ ನಡೆಯಿತು. ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಮೊದಲಾರ್ಧದಲ್ಲಿ ಹಿಂದೆ ಬಿದ್ದಿದ್ದ ತಂಡವನ್ನು ಅವನು ಎಳೆದು ದಡ ಸೇರಿಸಿದ ಬಗೆಯನ್ನು ಕಂಡವರು ಮರೆಯಲಾರರು. ಎದುರಾಳಿಯ ಕೈ ತನ್ನ ಸೊಂಟದ ಮೇಲಿರುವಾಗಲೇ ಮಧ್ಯಗೆರೆಯ ಕಡೆಗೆ ಮೈಯನ್ನು ಚೆಲ್ಲುವ ಅವನ ಜಿಗಿತ ನಿಜಕ್ಕೂ ನೋಡುವಂಥದು.

ಬೆಂಗಳೂರಿನ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡದ ವರ್ಷವೇ ಚಾಂಪಿಯನ್ ಆಯಿತು. ಇದನ್ನು ನಾವು ಕುಹಕಕ್ಕಾಗಿ ಹೇಳುತ್ತಿಲ್ಲ. ಗೆದ್ದ ಸಂಜೆ ಕರ್ನಾಟಕದಲ್ಲಿ ಪಟಾಕಿ ಹೊಡೆದವರಿದ್ದರು, ಅವರ ಖುಷಿ ಸುಳ್ಳಲ್ಲ. ಆದರೆ ಆ ತಂಡದ ನಾಯಕ ರೋಹಿತ್ ಕುಮಾರ್ ದೆಹಲಿಯವರು, ಪವನ್ ಕೂಡ ದೆಹಲಿಯವರು, ತಂಡದ ಬೆನ್ನೆಲುಬು ಉತ್ತರದ್ದು, ಆಡಿದ ‘ತವರು’ ಪುಣೆಯದು, ಗೆದ್ದ ನೆಲ ಮುಂಬೈಯದು. ಹಾಗಾದರೆ ನಮ್ಮದೆಂದು ನಾವು ಎದೆ ತಟ್ಟಿಕೊಂಡದ್ದು ಯಾವುದನ್ನು? ಅಂಗಿಯ ಮೇಲಿನ ಊರಿನ ಹೆಸರನ್ನು. ಹೆಸರೊಂದಕ್ಕೆ ಇಷ್ಟು ಪ್ರೀತಿ ಹರಿಯುತ್ತದೆಂದು ಮಾರುಕಟ್ಟೆಗೆ ನಮಗಿಂತ ಮೊದಲೇ ಗೊತ್ತಿತ್ತು.

ಆಟಗಾರರು ಹರಿಯಾಣದವರು ಎಂಬುದನ್ನು ದೂರಾಗಿ ಹೇಳುವವರ ಜೊತೆ ನಾವಿಲ್ಲ. ಎಲ್ಲಿಂದಲೋ ಬಂದ ಹುಡುಗ ನಮ್ಮ ಊರಿಗಾಗಿ ಮೈ ಕೈ ಮುರಿದುಕೊಂಡು ಆಡಿದರೆ ಅವನು ನಮ್ಮವನೇ. ಕನ್ನಡದ ಹುಡುಗರನ್ನೂ ಬೇರೆ ಊರುಗಳು ಹಾಗೆಯೇ ಅಪ್ಪಿಕೊಂಡಿವೆ. 2017ರಲ್ಲಿ ಗುಜರಾತ್ ತಂಡ ಮೊದಲ ಬಾರಿಗೆ ಅಂಕಣಕ್ಕಿಳಿದಾಗ ಅದರ ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. 2021-22ರಲ್ಲಿ ಪಟ್ನಾ ಪೈರೇಟ್ಸನ್ನು ಫೈನಲ್‌ವರೆಗೆ ನಡೆಸಿದ ನಾಯಕ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಇರಾನಿನ ಫಜಲ್ ಅತ್ರಾಚಲಿಯನ್ನಂತೂ ಮುಂಬೈ, ಪುಣೆ, ಗುಜರಾತಿನ ಪ್ರೇಕ್ಷಕರು ‘ಸುಲ್ತಾನ್’ ಎಂದೇ ಕರೆದರು. ಹೆಸರು ಕೇಳಿದೊಡನೆ ಮನುಷ್ಯನ ಊರು, ಧರ್ಮ, ದೇಶವನ್ನು ವಿಚಾರಿಸುವ ಕಾಲದಲ್ಲಿ, ಎಡ ಮೂಲೆಯಲ್ಲಿ ನಿಂತು ದಾಳಿಗಾರನ ಪಾದ ಹಿಡಿಯುವ ಒಬ್ಬ ಇರಾನಿಗಾಗಿ ಸಾವಿರಾರು ಜನ ಎದ್ದು ನಿಂತು ಕೂಗುವುದು ಈ ಲೀಗು ಕೊಟ್ಟ ಒಳ್ಳೆಯ ದೃಶ್ಯಗಳಲ್ಲೊಂದು. 2018ರಲ್ಲಿ ಅವರೇ ನಮ್ಮನ್ನು ಸೋಲಿಸಿದರು ಎನ್ನುವುದನ್ನೂ ನೆನಪಿಸಿಕೊಳ್ಳಬಹುದು. ಜಕಾರ್ತದ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಗೆದ್ದಾಗ, 1990ರಿಂದ ಪ್ರತಿ ಕೂಟದಲ್ಲೂ ಚಿನ್ನ ತಂದಿದ್ದ ಭಾರತದ ಪುರುಷರು ಮೊದಲ ಬಾರಿಗೆ ಬರಿಗೈಯಲ್ಲದಿದ್ದರೂ ಬರಿಯ ಕಂಚಿನೊಂದಿಗೆ ಮರಳಿದರು. ಅದೇ ಕೂಟದಲ್ಲಿ ತಲೆವಸ್ತ್ರ ಧರಿಸಿ ಆಡಿದ ಇರಾನಿನ ಮಹಿಳೆಯರು ನಮ್ಮ ಮಹಿಳೆಯರನ್ನು 27-24ರಿಂದ ಸೋಲಿಸಿ ಚಿನ್ನ ಗೆದ್ದರು. ಅವರಿಗೆ ತರಬೇತಿ ಕೊಟ್ಟವರು ನಾಸಿಕದ ಶೈಲಜಾ ಜೈನ್. ಆಟಕ್ಕೆ ಗಡಿಯಿಲ್ಲವೆಂದು ವೇದಿಕೆಗಳಲ್ಲಿ ಹೇಳುತ್ತಾರಲ್ಲ, ಅದು ನಿಜವಾದಾಗ ನಮಗೆ ಒಂದಿಷ್ಟು ನೋವೂ ಆಗುತ್ತದೆ.

ಅಂದಮೇಲೆ ಆಟಗಾರನ ಹುಟ್ಟೂರು ನಮ್ಮ ತಕರಾರಿನ ವಿಷಯವಲ್ಲ. ತಂಡಕ್ಕೂ ಅದು ಹೆಸರು ಪಡೆದ ನೆಲಕ್ಕೂ ಇರಬೇಕಾದ ಋಣದ ಮಾತು ನಮ್ಮದು. ಈ ಋಣವನ್ನು ಕಾಗದದ ಮೇಲೆ ಬರೆಸಿಕೊಳ್ಳದ ಊರಿನ ಗತಿ ಏನಾಗುತ್ತದೆಂದು ಅಮೆರಿಕದ ಬಾಸ್ಕೆಟ್‌ಬಾಲ್ ನೋಡಿದರೆ ತಿಳಿಯುತ್ತದೆ. ಫ್ರಾಂಚೈಸಿ ಎಂಬ ಪದ್ಧತಿಯಲ್ಲಿ ಅವರು ನಮಗಿಂತ ಬಹಳ ಹಿರಿಯರು. ಸಾವಿರಾರು ಕೆರೆಗಳ ಸೀಮೆಯಾದ ಮಿನಿಯಾಪೊಲಿಸ್‌ನಲ್ಲಿ ಒಂದು ತಂಡ ‘ಲೇಕರ್ಸ್’, ಅಂದರೆ ಕೆರೆಯವರು ಎಂಬ ಹೆಸರಿಟ್ಟುಕೊಂಡಿತು. 1960ರಲ್ಲಿ ಅದು ಲಾಸ್ ಏಂಜಲೀಸ್‌ಗೆ ವಲಸೆ ಹೋಯಿತು. ಕೆರೆ ಹಿಂದೆಯೇ ಉಳಿಯಿತು, ಹೆಸರು ಮಾತ್ರ ಜೊತೆಗೆ ಹೋಯಿತು. ಸಿಯಾಟಲ್ ನಗರದ ಸೂಪರ್‌ಸಾನಿಕ್ಸ್ ತಂಡ 1967ರಿಂದ 41 ಋತು ಅಲ್ಲಿ ಆಡಿತು, 1979ರಲ್ಲಿ ಚಾಂಪಿಯನ್ ಆಗಿತ್ತು. 2006ರಲ್ಲಿ ಮಾಲೀಕ ಬದಲಾದ. ಹೊಸ ಮಾಲೀಕರು ಹೊಸ ಅಂಗಣ ಬೇಕೆಂದರು, ನಗರ ಒಪ್ಪಲಿಲ್ಲ. ಕ್ರೀಡಾಂಗಣದ ಕರಾರು 2010ರವರೆಗೆ ಇದೆಯೆಂದು ನಗರಸಭೆ ಕೋರ್ಟಿಗೆ ಹೋಯಿತು. 2008ರಲ್ಲಿ ರಾಜಿಯಾಯಿತು: ಮಾಲೀಕರು ನಾಲ್ಕೂವರೆ ಕೋಟಿ ಡಾಲರ್ ಕೊಟ್ಟು ತಂಡವನ್ನು ಓಕ್ಲಹಾಮ ಸಿಟಿಗೆ ಒಯ್ದರು, ಹೆಸರು ಮತ್ತು ಬಣ್ಣವನ್ನು ಸಿಯಾಟಲ್‌ಗೆ ಬಿಟ್ಟುಕೊಟ್ಟರು. ಆಟಗಾರರೂ ಹೋದರು, ಆಟವೂ ಹೋಯಿತು. 2025ರಲ್ಲಿ ಆ ತಂಡ ಓಕ್ಲಹಾಮದ ಹೆಸರಿನಲ್ಲಿ ಚಾಂಪಿಯನ್ ಆಯಿತು. ಆದರೂ ಸಿಯಾಟಲ್ ಕೈಯಲ್ಲಿ ಒಂದು ಕರಾರು ಪತ್ರವಾದರೂ ಇತ್ತು; ಅದನ್ನು ಹಿಡಿದು ಜಗಳವಾಡಿ ಬೆಲೆ ಕಟ್ಟಿಸಿತು. ಬುಲ್ಸ್ ನಾಗಪುರಕ್ಕೆ ಹೋದಾಗ ಬೆಂಗಳೂರು ಜಗಳವನ್ನೇ ಆಡಲಿಲ್ಲ.

ಇಲ್ಲಿ ಕಂಠೀರವ ಕ್ರೀಡಾಂಗಣದ ಪರವಾಗಿಯೂ ಮಾತಾಡಬೇಕು. ಅದು ಸರಕಾರದ್ದು, ಅಂದರೆ ಜನರದ್ದು. ಒಂದು ಕಾಲದಲ್ಲಿ ಅದು ಸಂಪಂಗಿ ಕೆರೆ. ಕೆರೆಯಂಗಳವನ್ನು ತುಂಬಿ ಅಂಗಣ ಮಾಡಲಾಯಿತು. ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಕೊಳ ಮಾತ್ರ ಪಕ್ಕದಲ್ಲಿ ಉಳಿದಿದೆ. ಕೆರೆಗಳಿಗೇ ಹೆಸರಾದ ಸೊರಬದವರಿಗೆ ಇದು ವಿಚಿತ್ರ ವ್ಯವಹಾರವೆನಿಸೀತು. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರನ್ನು ಹೊತ್ತ ಈ ಆವರಣದಲ್ಲಿ ಓಟಗಾರರ ಟ್ರ್ಯಾಕಿದೆ, ಫುಟ್‌ಬಾಲ್ ಬಯಲಿದೆ, ಸುಮಾರು ನಾಲ್ಕು ಸಾವಿರ ಜನ ಕೂರಬಹುದಾದ ಒಳಾಂಗಣವಿದೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಪಾರ್ಥಿವ ಶರೀರಗಳನ್ನು ನಾಡು ಕಡೆಯ ಬಾರಿ ಕಂಡದ್ದು ಇಲ್ಲಿಯೇ. ಬುಲ್ಸ್ ನಾಗಪುರಕ್ಕೆ ಹೋಗುವ ಮುನ್ನ, 2017ರ ಜುಲೈಯಲ್ಲಿ, ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಡೆಯಿತು. ಇದೇ ಕಂಠೀರವದಲ್ಲಿ ಮತ್ತು ಕೋರಮಂಗಲದಲ್ಲಿ. ಭಾರತದ ಹುಡುಗಿಯರು ಬಿ ವಿಭಾಗದ ಫೈನಲ್‌ನಲ್ಲಿ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಅಂಕದ ಅಂತರ! ಆ ಗೆಲುವು ಎಷ್ಟು ಮಂದಿಗೆ ನೆನಪಿದೆ? ಅವರ ಹಿಂದೆ ಫ್ರಾಂಚೈಸಿ ಇರಲಿಲ್ಲ, ವಾಹಿನಿಯ ಜಾಹೀರಾತಿರಲಿಲ್ಲ. ಸರಕಾರಿ ಅಂಗಣವೊಂದು ಅಂಥವರಿಗೆ ಮೊದಲು ದೊರೆಯಬೇಕು ಎಂದು ಯಾರಾದರೂ ವಾದಿಸಿದರೆ ನಾವು ಅವರ ಕಡೆ. ಹೊರಾಂಗಣದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕೂ ಓಟಗಾರರಿಗೂ ನಡುವೆ ಬಯಲು ಯಾರದೆಂಬ ವಿವಾದ ಎದ್ದು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇದೇ ಕಾರಣಕ್ಕೆ. ಆ ಫುಟ್‌ಬಾಲ್ ತಂಡದ ಮಾಲೀಕರು ಜೆಎಸ್‌ಡಬ್ಲ್ಯು. ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಅದೇ ಸಂಸ್ಥೆ ಕಬಡ್ಡಿಯಲ್ಲಿ ಇಟ್ಟುಕೊಂಡಿರುವ ತಂಡದ ಹೆಸರು ‘ಹರಿಯಾಣ ಸ್ಟೀಲರ್ಸ್’. ಉಕ್ಕು ಬಳ್ಳಾರಿಯದು, ಹೆಸರು ಹರಿಯಾಣದ್ದು.

2019ರಲ್ಲಿ ಬುಲ್ಸ್ ಕಂಠೀರವಕ್ಕೆ ಮರಳಿತು. ಆ ವಾರ ಅಲ್ಲಿ ಸೇರಿದ ಜನಜಂಗುಳಿ ತಂಡದ ನಿಜವಾದ ಆಸ್ತಿ ಏನೆಂದು ತೋರಿಸಿಕೊಟ್ಟಿತು. ಆಮೇಲೆ ಕೋವಿಡ್. 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ ಇಡೀ ಲೀಗು, ಹನ್ನೆರಡೂ ತಂಡ, ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಐಷಾರಾಮಿ ಹೋಟೆಲಿನೊಳಗೆ ನಡೆಯಿತು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಎರಡು ತಿಂಗಳು ಪೂರ್ತಿ ಕಬಡ್ಡಿ ಬೆಂಗಳೂರಿನಲ್ಲೇ ಇತ್ತು, ಆದರೆ ಬೆಂಗಳೂರಿಗರಿಗೂ ಉಳವಿಯವರಿಗೂ ಅದು ಒಂದೇ ದೂರದಲ್ಲಿತ್ತು. ರೋಗದ ಕಾಲದ ಅನಿವಾರ್ಯತೆ ಅದು, ತಪ್ಪೆನ್ನಲಾಗದು. ಆದರೆ ಜನರಿಲ್ಲದೆಯೂ ಲೀಗು ನಡೆಯುತ್ತದೆಂದು ನಡೆಸುವವರಿಗೆ ಆಗ ಗೊತ್ತಾಗಿಬಿಟ್ಟಿತು. ಅಷ್ಟರಲ್ಲಿ 2021ರಲ್ಲಿ ಐದು ವರ್ಷಗಳ ಪ್ರಸಾರ ಹಕ್ಕು 900 ಕೋಟಿಗೂ ಹೆಚ್ಚಿನ ಮೊತ್ತಕ್ಕೆ ಮತ್ತೆ ಸ್ಟಾರ್‌ನ ಪಾಲಾಗಿತ್ತು. ಇಂಥ ಲೆಕ್ಕದಲ್ಲಿ ನಾಲ್ಕು ಸಾವಿರ ಕುರ್ಚಿಗಳ ಟಿಕೇಟಿನ ಹಣಕ್ಕೆ ಎಷ್ಟು ತೂಕ?

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 2022ರ ಅಕ್ಟೋಬರಿನಲ್ಲಿ ಲೀಗು ಕಂಠೀರವದಿಂದಲೇ ಆರಂಭವಾಯಿತು. 2023ರ ಡಿಸೆಂಬರಿನಲ್ಲಿ ಮತ್ತೆ ಒಂದು ವಾರ ಬಂತು. 2024ರಲ್ಲಿ ಹೈದರಾಬಾದ್, ನೊಯ್ಡಾ, ಪುಣೆ ಮೂರೇ ಊರು, ಬೆಂಗಳೂರಿಲ್ಲ. ಆ ವರ್ಷ 70 ಲಕ್ಷ ಕೊಟ್ಟು ಪರ್‌ದೀಪ್ ನರ್ವಾಲ್‌ನನ್ನು ಮರಳಿ ಕರೆತಂದಿದ್ದ ಬುಲ್ಸ್, 22 ಪಂದ್ಯಗಳಲ್ಲಿ ಎರಡನ್ನೇ ಗೆದ್ದು ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರು ಮತ್ತೆ ಇಲ್ಲ. ಹನ್ನೊಂದು ಆವೃತ್ತಿ ತರಬೇತುದಾರರಾಗಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಜಾಗಕ್ಕೆ ಕನ್ನಡ ನಾಡಿನವರೇ ಆದ ಬಿ.ಸಿ. ರಮೇಶ್ ಬಂದದ್ದು ಈ ಹನ್ನೆರಡನೇ ಆವೃತ್ತಿಗೆ. ಬೆಂಗಾಲ್ ಮತ್ತು ಪುಣೇರಿ ತಂಡಗಳನ್ನು ಚಾಂಪಿಯನ್ ಮಾಡಿ ತೋರಿಸಿದ ಮೇಲೆ ಬೆಂಗಳೂರು ಅವರನ್ನು ಮುಖ್ಯ ತರಬೇತುದಾರನ ಕುರ್ಚಿಗೆ ಕರೆಯಿತು! ಕನ್ನಡದ ಕೋಚ್ ಬಂದ ವರ್ಷ ಕನ್ನಡದ ನೆಲದಲ್ಲಿ ಪಂದ್ಯವಿರಲಿಲ್ಲ.

ಹಣದ ಮಾತು ಬಂದಾಗ ನಾವು ಮೂಗು ಮುರಿಯುವುದಿಲ್ಲ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ದೊರೆತದ್ದು 12 ಲಕ್ಷ 80 ಸಾವಿರ. 2018ರಲ್ಲಿ ಒಂದು ಕೋಟಿಯ ಗೆರೆಯನ್ನು ಮೊದಲು ಮುಟ್ಟಿದ್ದು ಅದೇ ಫಜಲ್ ಅತ್ರಾಚಲಿ. 2023ರಲ್ಲಿ ಪವನ್ ಸೆಹ್ರಾವತ್ ಬೆಲೆ 2.6 ಕೋಟಿ ಮೀರಿತು; ಆ ಹೊತ್ತಿಗೆ ಅವನು ಬುಲ್ಸ್ ಬಿಟ್ಟು ಚೆನ್ನೈ ದಾಟಿ ಹೈದರಾಬಾದಿನ ಪಾಲಾಗಿದ್ದ. ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ನೌಕರಿ ಸಿಕ್ಕರೆ ಸಾಕೆಂದು ಆಡುತ್ತಿದ್ದ ಹಳ್ಳಿಯ ಹುಡುಗರ ಮನೆಗೆ ಇಂಥ ಹಣ ಬಂದದ್ದು ಒಳ್ಳೆಯದೇ. ಹರಾಜು ಎಂಬ ಪದ ಮನುಷ್ಯರಿಗೆ ಬಳಸುವಾಗ ಕಿವಿಗೆ ಹಿತವಲ್ಲ, ಅಷ್ಟೆ.

ನಮ್ಮ ಹಳ್ಳಿಯ ಅಂಗಳಕ್ಕೆ ಇದರಿಂದ ಏನಾಯಿತು? ಈಗ ಮಲೆನಾಡಿನಲ್ಲೂ ಕರಾವಳಿಯಲ್ಲೂ ಪಂದ್ಯಾವಳಿಯ ಬ್ಯಾನರುಗಳ ಮೇಲೆ ‘ಪ್ರೊ ಕಬಡ್ಡಿ ಮಾದರಿಯ’ ಎಂದು ಅಚ್ಚಾಗಿರುತ್ತದೆ. ಬಾಡಿಗೆಯ ಮ್ಯಾಟು ಲಾರಿಯಲ್ಲಿ ಬಂದು ಇಳಿಯುತ್ತದೆ. ಊರಿನ ಹುಡುಗರನ್ನು ತಂಡಗಳಾಗಿ ಹಂಚಿ, ಅಂಗಡಿ ಮಾಲೀಕರೋ ಗುತ್ತಿಗೆದಾರರೋ ಒಂದೊಂದು ತಂಡವನ್ನು ‘ಕೊಳ್ಳುತ್ತಾರೆ’. ಇದರಲ್ಲಿ ತಮಾಷೆಯೂ ಇದೆ, ಉತ್ಸಾಹವೂ ಇದೆ. ಮಣ್ಣಿಗಿಂತ ಮ್ಯಾಟಿನಲ್ಲಿ ಮೈ ತರಚುವುದು ಕಡಿಮೆ ಎನ್ನುವುದೂ ನಿಜ. ಆದರೆ ಮ್ಯಾಟಿಗೆ ಬೂಟು ಬೇಕು, ಬೂಟಿಗೆ ಹಣ ಬೇಕು. ಬರಿಗಾಲಿನ ಹುಡುಗ ಗೆರೆಯಾಚೆ ನಿಲ್ಲತೊಡಗಿದ್ದಾನೆ. ‘ಕಬಡ್ಡಿ ಕಬಡ್ಡಿ’ ಎಂಬ ಉಸಿರು ಇಂದಿಗೂ ನಿಯಮದಲ್ಲಿದೆ, ಆದರೆ ಟಿವಿಯ ಸಂಗೀತದಲ್ಲಿ ಅದು ಯಾರಿಗೂ ಕೇಳಿಸದು. ದಾಳಿಯ ಉದ್ದವನ್ನು ಈಗ ಅಳೆಯುವುದು ಉಸಿರಲ್ಲ, 30 ಸೆಕೆಂಡಿನ ಗಡಿಯಾರ. ಹಿಂದೆ ಊರಿನ ಎಲ್ಲ ಕೇರಿಯವರೂ ಸೇರಿ ಒಂದು ತಂಡ ಕಟ್ಟಿ ಪಕ್ಕದೂರಿನ ವಿರುದ್ಧ ಆಡುತ್ತಿದ್ದರು. ಊರೊಳಗೇ ಎಂಟು ತಂಡಗಳಾದ ಮೇಲೆ ಊರಿಗೆ ತಂಡವೆಲ್ಲಿ?

ಉಳವಿಯ ಹುಡುಗನೊಬ್ಬನಿಗೆ ಬುಲ್ಸ್ ಪಂದ್ಯ ಕಣ್ಣಾರೆ ನೋಡುವ ಆಸೆಯಾದರೆ ಸಾಗರಕ್ಕೆ ಹೋಗಿ ತಾಳಗುಪ್ಪದ ರೈಲು ಹತ್ತಬಹುದಿತ್ತು, ಬೆಳಗಾಗುವುದರೊಳಗೆ ಬೆಂಗಳೂರು. 2024ರಲ್ಲಿ, 2025ರಲ್ಲಿ ಅವನು ಯಾವ ರೈಲು ಹತ್ತಬೇಕಿತ್ತು? ಇದನ್ನು ಬರೆಯುವಾಗ ಬೇರೊಂದು ನೆನಪು ಅಡ್ಡ ಬರುತ್ತದೆ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಯತ್ನದಲ್ಲಿ ಐಪಿಎಲ್ ಗೆದ್ದಿತು, ಅಹಮದಾಬಾದಿನಲ್ಲಿ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಆ ಸಾವಿಗೆ ಯಾರು ಹೊಣೆ ಎಂಬ ವಾದಗಳನ್ನು ಓದುಗರು ಪತ್ರಿಕೆಗಳಲ್ಲಿ ಓದಿದ್ದಾರೆ. ನಾವು ಗಮನಿಸಿದ್ದು, ಗೆದ್ದ ತಂಡವನ್ನು ಹತ್ತಿರದಿಂದ ನೋಡಲು ಜನ ಎಷ್ಟು ಹಸಿದಿದ್ದರು ಎಂಬುದನ್ನು. ಊರಿನ ಹೆಸರನ್ನು ಮಾರಿ ಕಟ್ಟಿದ ಪ್ರೀತಿಗೆ ಒಂದು ಬಾಗಿಲು, ಒಂದು ಕುರ್ಚಿ, ಒಂದು ಸುರಕ್ಷಿತ ದಾರಿಯನ್ನು ಯೋಚಿಸಿಟ್ಟವರಿರಲಿಲ್ಲ.

ಬುಲ್ಸ್ ಮಾಲೀಕರಿಗೂ ಲೀಗಿನವರಿಗೂ ಕಷ್ಟಗಳಿವೆ. ಸರಕಾರಿ ಅಂಗಣದ ದಿನಾಂಕ ಸಿಗುವುದಿಲ್ಲ, ಬಾಡಿಗೆ, ಭದ್ರತೆ ಎಲ್ಲವೂ ತಲೆನೋವು. ಆದರೆ ಕೇಳಬಹುದಾದ ಸಣ್ಣ ಪ್ರಶ್ನೆಗಳಿವೆ. ಕಂಠೀರವ ಸಿಗದ ವರ್ಷ ನಾಗಪುರದ ಬದಲು ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿಗಳ ಕಡೆ ಯಾಕೆ ನೋಡಬಾರದು? ಅಲ್ಲಿ ಟಿವಿಗೆ ಒಗ್ಗುವ ಒಳಾಂಗಣ ಇಲ್ಲವೆಂದರೆ, ಅದನ್ನು ಕಟ್ಟಿಸಲು ಸರಕಾರವನ್ನು ಒತ್ತಾಯಿಸುವವರಲ್ಲಿ ತಂಡವೂ ಇರಬೇಡವೇ? ಲೀಗಿನ ಪಂದ್ಯ ಬೇಡ, ಅಭ್ಯಾಸ ಶಿಬಿರದ ಹತ್ತು ದಿನವನ್ನಾದರೂ ಒಂದೊಂದು ವರ್ಷ ಒಂದೊಂದು ಜಿಲ್ಲೆಯಲ್ಲಿ ಕಳೆಯಬಹುದು. ಹೋಬಳಿ ಮಟ್ಟದ ಕೂಟದಲ್ಲಿ ಆಡುವ ಶಾಲಾ ಹುಡುಗ ಹುಡುಗಿಯರಿಗೆ ಬಿ.ಸಿ. ರಮೇಶರಂಥವರು ಒಂದು ಬೆಳಗು ಕಾಲು ಹಿಡಿಯುವ ಪಟ್ಟು ಹೇಳಿಕೊಟ್ಟರೆ ಅದಕ್ಕೆ ಕ್ಯಾಮರಾ ಬೇಕಾಗಿಲ್ಲ.

ಹುಡುಗಿಯರು ಎಂದೆವು. ಅವರ ಕಥೆ ಈ ಲೀಗಿನ ಚರಿತ್ರೆಯಲ್ಲಿ ಅರ್ಧ ಪುಟಕ್ಕೇ ಮುಗಿಯುತ್ತದೆ. 2016ರಲ್ಲಿ ನಾಲ್ಕನೇ ಆವೃತ್ತಿಯ ಜೊತೆ ಮಹಿಳಾ ಕಬಡ್ಡಿ ಚಾಲೆಂಜ್ ಎಂಬ ಕಿರು ಪಂದ್ಯಾವಳಿ ನಡೆಸಿದರು. ಮೂರೇ ತಂಡ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಮೂವರು ನಾಯಕಿಯರಲ್ಲಿ ಇಬ್ಬರು ಕನ್ನಡ ನಾಡಿನವರು, ಇಬ್ಬರೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು, ಅರ್ಜುನ ಪ್ರಶಸ್ತಿ ಪಡೆದವರು: ಬೆಂಗಳೂರಿನ ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ತಾಲೂಕಿನ ಮಮತಾ ಪೂಜಾರಿ. ಫೈನಲ್‌ನಲ್ಲಿ ಎದುರುಬದುರಾದವರೂ ಇವರಿಬ್ಬರೇ. ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ 24-23ರಿಂದ, ಒಂದೇ ಅಂಕದಿಂದ ಗೆದ್ದಿತು. ಪಂದ್ಯ ನಡೆದದ್ದು ಹೈದರಾಬಾದಿನಲ್ಲಿ. ಮರುವರ್ಷ ಲೀಗಿಗೆ ಪುರುಷರ ನಾಲ್ಕು ಹೊಸ ತಂಡಗಳು ಸೇರಿದವು, ಮಹಿಳೆಯರ ಪಂದ್ಯಾವಳಿ ನಿಂತುಹೋಯಿತು. ಆ ಮೂರು ತಂಡಗಳ ಹೆಸರಿನಲ್ಲಿ ಯಾವ ಊರೂ ಇರಲಿಲ್ಲ.